ಬೆಳ್ಳಿತೆರೆಯ ಕಥೆಗೆ ಕಣ್ಣೀರೇಕೆ?

ಚಲಚ್ಚಿತ್ರವೊಂದು ಮುಗಿದು, ಮಂದಿರದ ಬಾಗಿಲುಗಳು ತೆರೆದು, ಜನ ಹೊರಗೆ ಬರುವ ಹೊತ್ತಿನಲ್ಲಿ ಪಕ್ಕಕ್ಕೆ ನಿಂತು ಅವರ ಮುಖಗಳನ್ನು ನೋಡಿದವರಿಗೆ ಒಳಗೆ ನಡೆದ ಕಥೆ ಎಂತಹುದೆಂಬುದು ತಾನಾಗಿಯೇ ತಿಳಿಯುತ್ತದೆ. ಕರುಳನ್ನು ಹಿಂಡುವ ಕಥೆಯಾಗಿದ್ದರೆ ಹೆಂಗಸರು ಸೆರಗಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ, ಅದನ್ನು ಮರೆಮಾಚುವ ಗೋಜಿಗೆ ಹೋಗದೆ ಬರುತ್ತಾರೆ. ಗಂಡಸರು ಕರವಸ್ತ್ರ ತೆಗೆದು ಮೂಗು ಸೀಟಿಕೊಂಡು, ಒಳಗೆ ತಂಪು ಹೆಚ್ಚಾಗಿ ನೆಗಡಿಯಾಯಿತೆಂದು ಹೇಳುತ್ತಾರೆ. ನೆಗಡಿಯ ಮಾತು ನೆಪವೇ ಇರಬಹುದು. ಮೂಗಿನಲ್ಲಿ ಇಳಿದ ನೀರು ಮಾತ್ರ ಸುಳ್ಳಲ್ಲ. ಅದೂ ಕಣ್ಣೀರೇ.

ಇದು ಹೇಗೆಂಬುದನ್ನು ಮೊದಲು ನೋಡೋಣ. ಪ್ರತಿಯೊಂದು ಕಣ್ಣಿನ ಮೇಲುಗಡೆ, ಹೊರ ಅಂಚಿನತ್ತ, ಹುಬ್ಬಿನ ಎಲುಬಿನ ಮರೆಯಲ್ಲಿ ಬಾದಾಮಿಯಷ್ಟು ದೊಡ್ಡದಾದ ಒಂದು ಗ್ರಂಥಿಯುಂಟು. ಇದೇ ಅಶ್ರುಗ್ರಂಥಿ. ಇದರಿಂದ ಸ್ರವಿಸುವ ನೀರನ್ನು ರೆಪ್ಪೆಗಳು ಬಡಿದಾಗಲೆಲ್ಲ ಕಣ್ಣಿನ ಮೇಲೆ ಸವರುತ್ತವೆ. ಹೆಚ್ಚಾದ ನೀರು ಮೂಗಿನ ಕಡೆಯ ಮೂಲೆಗೆ ಹರಿದು, ಅಲ್ಲಿ ರೆಪ್ಪೆಗಳ ಅಂಚಿನಲ್ಲಿರುವ ಸೂಜಿಮೊನೆಯಂತಹ ರಂಧ್ರಗಳೊಳಗೆ ಇಳಿದು, ಒಂದು ಸಣ್ಣ ಚೀಲವನ್ನು ಸೇರಿ, ಅಲ್ಲಿಂದ ನಾಳದ ಮೂಲಕ ಮೂಗನ್ನು ಮುಟ್ಟುತ್ತದೆ. ಸಾಧಾರಣ ದಿನಗಳಲ್ಲಿ ಈ ಕಾಲುವೆಯ ಕೆಲಸ ನಮ್ಮ ಗಮನಕ್ಕೇ ಬಾರದು. ನೀರು ಉಕ್ಕಿ ಬಂದಾಗ ಕಾಲುವೆ ಸಾಲದಾಗಿ, ಕೆಲಭಾಗ ಕೆನ್ನೆಯ ಮೇಲೂ ಕೆಲಭಾಗ ಮೂಗಿನಿಂದಲೂ ಹರಿಯುತ್ತದೆ. ಆದುದರಿಂದ ಕಣ್ಣೊರೆಸಿಕೊಳ್ಳದೆ ಮೂಗನ್ನಷ್ಟೇ ಒರೆಸಿಕೊಂಡವನು ಅಳಲಿಲ್ಲವೆಂದು ಹೇಳುವಂತಿಲ್ಲ.

ಕಣ್ಣೀರಿನಲ್ಲಿ ಮೂರು ಬಗೆಯುಂಟೆಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಕಣ್ಣನ್ನು ಸದಾ ಒದ್ದೆಯಾಗಿಡುವುದು ಮೊದಲನೆಯದು. ಇದು ಬರಿಯ ಉಪ್ಪುನೀರಲ್ಲ. ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಆವಿಯಾಗದಂತೆ ತಡೆಯುವ ಎಣ್ಣೆಯ ತೆಳು ಪೊರೆ. ಮುಂದೆ ಪೆನಿಸಿಲಿನ್ನಿನಿಂದ ಜಗತ್ಪ್ರಸಿದ್ಧನಾದ ಅಲೆಕ್ಸಾಂಡರ್ ಫ್ಲೆಮಿಂಗನು ಸೂಕ್ಷ್ಮಜೀವಿಗಳನ್ನು ಕರಗಿಸಬಲ್ಲ ಲೈಸೊಜೈಮ್ ಎಂಬ ವಸ್ತುವನ್ನು 1922ರಲ್ಲಿ ವರದಿ ಮಾಡಿದನು. ಅದು ಕಣ್ಣೀರಿನಲ್ಲಿಯೂ ಹೇರಳವಾಗಿದೆ. ಅದನ್ನು ಪರೀಕ್ಷಿಸಲು ಬೇಕಾದ ಕಣ್ಣೀರಿಗಾಗಿ ಅವನು ಪ್ರಯೋಗಶಾಲೆಯವರ ಕಣ್ಣಿಗೆ ನಿಂಬೆಯ ರಸವನ್ನು ಸೋಕಿಸುತ್ತಿದ್ದನಂತೆ. ಹೀಗೆ ಹೊಗೆ, ಈರುಳ್ಳಿ, ನಿಂಬೆಗಳಿಂದ ಬರುವುದು ಎರಡನೆಯ ಬಗೆ. ಕಣ್ಣಿನ ಉರಿ ಐದನೆಯ ಕಪಾಲನರದ ಮೂಲಕ ಮಿದುಳಿಗೆ ಮುಟ್ಟಿ, ಅಲ್ಲಿಂದ ಆಜ್ಞೆ ಹಿಂದಿರುಗಿ, ಗ್ರಂಥಿ ನೀರು ಸುರಿಸುತ್ತದೆ. ಮೂರನೆಯದಕ್ಕೆ ಹೊರಗಿನ ಯಾವ ಉರಿಯೂ ಬೇಡ. ಮನಸ್ಸು ಕಲಕಿದರೆ ಸಾಕು, ಮಿದುಳಿನ ಒಳಭಾಗಗಳಿಂದಲೇ ಪ್ರೇರಣೆ ಹೊರಟು ಏಳನೆಯ ಕಪಾಲನರದ ಮೂಲಕ ಅದೇ ಗ್ರಂಥಿಯನ್ನು ತಲುಪುತ್ತದೆ. ಹಸುಗೂಸು ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಎಷ್ಟು ಗಟ್ಟಿಯಾಗಿ ಅತ್ತರೂ ಕಣ್ಣೀರು ಧಾರೆಯಾಗಿ ಇಳಿಯುವುದಿಲ್ಲವೆಂಬುದನ್ನು ತಾಯಂದಿರು ಬಲ್ಲರು. ಕೂಗು ಮೊದಲು, ಕಣ್ಣೀರು ಆಮೇಲೆ.

ಇಲ್ಲಿ ನಮ್ಮ ನಾಟ್ಯಶಾಸ್ತ್ರವನ್ನು ನೆನೆಯದಿರಲಾಗದು. ಭರತನು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ನವಿರೇಳುವುದು, ಗಂಟಲು ಕಟ್ಟುವುದು, ಕಣ್ಣೀರು ಬರುವುದು, ಈ ಮೂರನ್ನಾದರೂ ಚಿತ್ರಮಂದಿರಕ್ಕೆ ಹೋಗುವ ಪ್ರತಿಯೊಬ್ಬರೂ ಬಲ್ಲರು. ಅಶ್ರುವಿಗೆ ಭರತನು ಕೊಡುವ ಕಾರಣಗಳನ್ನು ನೋಡಿದರೆ ಸೋಜಿಗವಾಗುತ್ತದೆ. ಆನಂದ, ಅಮರ್ಷ, ಭಯ, ಶೋಕ ಒಂದು ಕಡೆ. ಹೊಗೆ, ಕಾಡಿಗೆ, ಆಕಳಿಕೆ, ರೆಪ್ಪೆ ಬಡಿಯದೆ ನೋಡುವುದು, ಚಳಿ, ರೋಗ ಇನ್ನೊಂದು ಕಡೆ. ಇಂದಿನ ವೈದ್ಯರು ಎರಡಾಗಿ ವಿಂಗಡಿಸುವ ಕಣ್ಣೀರುಗಳೆರಡೂ ಆ ಒಂದೇ ಪಟ್ಟಿಯಲ್ಲಿವೆ. ದುಃಖಕ್ಕಿಂತ ಮೊದಲು ಆನಂದವನ್ನು ಹೆಸರಿಸಿರುವುದನ್ನೂ ವಾಚಕರು ಗಮನಿಸಬೇಕು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಭಾವದ ಕಣ್ಣೀರಿಗೂ ಈರುಳ್ಳಿಯ ಕಣ್ಣೀರಿಗೂ ರಾಸಾಯನಿಕವಾಗಿ ಭೇದವುಂಟೇ? ಅಮೆರಿಕೆಯ ವಿಲಿಯಂ ಫ್ರೇ ಎಂಬ ಜೀವರಸಾಯನಶಾಸ್ತ್ರಜ್ಞರು 1980ರ ಸುಮಾರಿಗೆ ಸ್ವಯಂಸೇವಕರಿಗೆ ಕರುಣಾಜನಕವಾದ ಚಲಚ್ಚಿತ್ರಗಳನ್ನು ತೋರಿಸಿ, ಅವರ ಕಣ್ಣೀರನ್ನು ಸಣ್ಣ ಕೊಳವೆಗಳಲ್ಲಿ ಹಿಡಿದು, ಈರುಳ್ಳಿಯಿಂದ ಬರಿಸಿದ ಕಣ್ಣೀರಿನೊಡನೆ ಹೋಲಿಸಿದರು. ಚಿತ್ರ ನೋಡಿ ಸುರಿಸಿದ ಕಣ್ಣೀರಿನಲ್ಲಿ ಪ್ರೋಟೀನಿನ ಅಂಶ ಹೆಚ್ಚಾಗಿದ್ದುದು ಕಂಡುಬಂದಿತು. ದೇಹದಲ್ಲಿ ದುಗುಡದಿಂದ ಹುಟ್ಟಿದ ವಸ್ತುಗಳನ್ನು ಅಳು ಹೊರದೂಡುತ್ತದೆಂದು ಅವರು ಊಹಿಸಿದರು. ಈ ಊಹೆ ಜನಪ್ರಿಯವಾಯಿತು. ವಿಜ್ಞಾನಿಗಳು ಮಾತ್ರ ಇಂದಿಗೂ ಒಪ್ಪಿಲ್ಲ. ಕೆಲವು ಹನಿ ಕಣ್ಣೀರಿನಿಂದ ದೇಹ ಶುದ್ಧಿಯಾಗುವುದಾದರೆ ಬೆವರಿನಿಂದಲೂ ಮೂತ್ರದಿಂದಲೂ ಅದಕ್ಕಿಂತ ಎಷ್ಟೋ ಹೆಚ್ಚು ಶುದ್ಧಿಯಾಗಬೇಕಷ್ಟೆ. ಅಲ್ಲದೆ ಇಳಿದ ಕಣ್ಣೀರಿನ ಒಂದು ಪಾಲು ಮೂಗಿನ ಮೂಲಕ ಮತ್ತೆ ಹೊಟ್ಟೆಗೇ ಹೋಗುತ್ತದೆ.

ರಾಸಾಯನಿಕ ಲೆಕ್ಕಕ್ಕಿಂತ ಹೆಚ್ಚು ಕುತೂಹಲಕರವಾದ ಪ್ರಶ್ನೆಯೊಂದುಂಟು. ಚಿತ್ರದ ಯಾವ ಘಳಿಗೆಯಲ್ಲಿ ಕಣ್ಣೀರು ಬರುತ್ತದೆ? ದುಃಖ ತುದಿ ಮುಟ್ಟಿದಾಗಲೆಂದು ಯಾರೂ ಹೇಳಿಯಾರು. ಆದರೆ ನೆನಪು ಮಾಡಿಕೊಂಡು ನೋಡಿ. ಚಾರ್ಲಿ ಚಾಪ್ಲಿನ್ನನ 'ಸಿಟಿ ಲೈಟ್ಸ್' 1931ರ ಚಿತ್ರ. ಕುರುಡಿಯಾದ ಹೂ ಮಾರುವ ಹುಡುಗಿಯ ಕಣ್ಣಿನ ಚಿಕಿತ್ಸೆಗಾಗಿ ಹಣ ತಂದುಕೊಟ್ಟ ಬಡ ಅಲೆಮಾರಿ ಸೆರೆಮನೆಗೆ ಹೋಗುತ್ತಾನೆ. ಆಗ ಪ್ರೇಕ್ಷಕರು ಮರುಗುತ್ತಾರೆ, ಆದರೆ ಅಳುವವರು ಕಡಮೆ. ಅವನು ಬಿಡುಗಡೆಯಾಗಿ, ಚಿಂದಿಯುಟ್ಟು, ಬೀದಿಯಲ್ಲಿ ನಿಂತಿರುವಾಗ, ಈಗ ಕಣ್ಣು ಬಂದಿರುವ ಅವಳು ಕರುಣೆಯಿಂದ ನಾಣ್ಯ ಕೊಡಲು ಅವನ ಕೈ ಹಿಡಿಯುತ್ತಾಳೆ; ಕಣ್ಣು ಗುರುತಿಸದುದನ್ನು ಕೈ ಗುರುತಿಸುತ್ತದೆ. ಮಾತಿಲ್ಲದ ಆ ದೃಶ್ಯದಲ್ಲಿ, ಕಷ್ಟವೆಲ್ಲ ತೀರಿದ ಮೇಲೆ, ಕಣ್ಣು ತುಂಬುತ್ತದೆ.

ಇದನ್ನೇ ಜೇ ಎಫ್ರನ್ ಮತ್ತು ಅವರ ಸಹೋದ್ಯೋಗಿ 1979ರಲ್ಲಿ ಪರೀಕ್ಷೆಗೆ ಒಡ್ಡಿದರು. ಅದಕ್ಕೆ ಆರಿಸಿಕೊಂಡದ್ದು 1962ರ 'ದಿ ಮಿರಾಕಲ್ ವರ್ಕರ್' ಎಂಬ ಚಿತ್ರ. ಎರಡು ವರ್ಷ ತುಂಬುವ ಮೊದಲೇ ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡ ಹೆಲೆನ್ ಕೆಲ್ಲರಳಿಗೆ ಆನ್ ಸಲಿವನ್ ಎಂಬ ಉಪಾಧ್ಯಾಯಿನಿ ಭಾಷೆಯನ್ನು ಕಲಿಸಿದ ಕಥೆಯದು. ಹಟ, ಕೂಗಾಟ, ಕೈಕೈ ಮಿಲಾಯಿಸುವಂತಹ ಹೋರಾಟ ಮುಗಿದು, ನೀರಿನ ಪಂಪಿನ ಕೆಳಗೆ ಒಂದು ಕೈಯ ಮೇಲೆ ನೀರು ಸುರಿಯುತ್ತಿರಲು, ಇನ್ನೊಂದು ಅಂಗೈಯಲ್ಲಿ ಬರೆಯುತ್ತಿರುವ ಬೆರಳಿನ ಗುರುತುಗಳು ಆ ನೀರಿನ ಹೆಸರೆಂದು ಮಗುವಿಗೆ ಥಟ್ಟನೆ ಹೊಳೆಯುತ್ತದೆ. ಇದು 1887ರಲ್ಲಿ ನಿಜವಾಗಿ ನಡೆದ ಸಂಗತಿ. ಎಫ್ರನ್ನರ ಸಿದ್ಧಾಂತದಂತೆ ಅಳುವಿಗೆ ಎರಡು ಹಂತಗಳುಂಟು. ಮೊದಲು ಮನಸ್ಸೂ ದೇಹವೂ ಬಿಗಿಯುತ್ತವೆ. ಅಪಾಯಕ್ಕೆ ಅಣಿಮಾಡುವ ನರವ್ಯೂಹ ಎಚ್ಚತ್ತು ಎದೆಬಡಿತ ಏರುತ್ತದೆ. ಬಳಿಕ ಯಾವುದೋ ಒಂದು ಸಂಗತಿ ಆ ಬಿಗಿಯನ್ನು ಸಡಿಲಿಸುತ್ತದೆ. ಶಮನಕಾರಿಯಾದ ನರವ್ಯೂಹ ಮೇಲುಗೈ ಪಡೆಯುತ್ತದೆ. ಅಶ್ರುಗ್ರಂಥಿಗೆ ಮುಖ್ಯವಾಗಿ ಆಜ್ಞೆ ಕೊಡುವುದು ಈ ಎರಡನೆಯ ವ್ಯೂಹವೇ. ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಬಿಟ್ಟ ಕಣ್ಣು ಬಿಟ್ಟಂತೆ ತಿರುಗಾಡುತ್ತಿದ್ದು, ತಾಯಿಯನ್ನು ಕಂಡೊಡನೆಯೇ ಬಿಕ್ಕಿ ಬಿಕ್ಕಿ ಅಳುವುದೂ ಹೀಗೆಯೇ. ತಂದೆಮಕ್ಕಳು ಬಹುಕಾಲದ ಮೇಲೆ ಕೂಡಿದಾಗ ಸಂತೋಷದಲ್ಲಿ ಏಕೆ ಅಳುತ್ತಾರೆಂಬುದು 1872ರಲ್ಲಿ ಭಾವಗಳ ಅಭಿವ್ಯಕ್ತಿಯನ್ನು ಕುರಿತು ಗ್ರಂಥ ಬರೆದ ಡಾರ್ವಿನ್ನನನ್ನೂ ಯೋಚನೆಗೆ ಹಚ್ಚಿತ್ತು.

ಆದರೆ ಬಿಗಿ ಸಡಿಲವಾದ ಮಾತ್ರಕ್ಕೆ ಕಣ್ಣೀರು ಬರುವುದಾದರೆ, ಪತ್ತೇದಾರಿ ಚಿತ್ರದ ಕಳ್ಳ ಸಿಕ್ಕಿದಾಗಲೂ ಜನ ಅಳಬೇಕಾಗಿತ್ತು. ಹಾಗಾಗುವುದಿಲ್ಲ. ಆ ಘಳಿಗೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಸೇರಿದವರೆಂಬ ಭಾವ ಬೆಳಗಬೇಕು. ಆಲನ್ ಫಿಸ್ಕೆ, ಬಿಯಾಟೆ ಸೈಬ್ಟ್, ಥಾಮಸ್ ಶೂಬರ್ಟ್ ಎಂಬ ವಿದ್ವಾಂಸರು ಈ ಅನುಭವವನ್ನು ಪ್ರತ್ಯೇಕ ಭಾವವೆಂದೇ ಎಣಿಸಿ, ಸಂಸ್ಕೃತದಿಂದ ಹೆಸರನ್ನಾಯ್ದು 'ಕಾಮಮೂತ' ಎಂದು ಕರೆದಿದ್ದಾರೆ. ಪ್ರೀತಿಯಿಂದ ಕದಲಿದುದು ಎಂದು ಅದರ ಅರ್ಥವಂತೆ. ಕನ್ನಡಿಗರ ಕಿವಿಗೆ ಈ ಹೆಸರು ಬೇರೇನನ್ನೋ ಧ್ವನಿಸೀತು. ನಮ್ಮ ಹಳ್ಳಿಯ ಮುದುಕಿಯರು ಹೇಳುವ 'ಎದೆ ತುಂಬಿ ಬಂತು' ಎಂಬ ಮಾತೇ ಇದಕ್ಕಿಂತ ಮೇಲೆಂದು ನಮಗೆ ತೋರುತ್ತದೆ. 19 ದೇಶಗಳಲ್ಲಿ, 15 ಭಾಷೆಗಳಲ್ಲಿ, ಮೂರೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಹೃದಯಸ್ಪರ್ಶಿಯಾದ ಚಿತ್ರತುಣುಕುಗಳನ್ನು ತೋರಿಸಿ ನಡೆಸಿದ ಅವರ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಕಣ್ಣಲ್ಲಿ ನೀರು, ಮೈಯಲ್ಲಿ ನವಿರು, ಎದೆಯಲ್ಲಿ ಬೆಚ್ಚನೆಯ ಭಾವ, ಈ ಲಕ್ಷಣಗಳು ದೇಶದಿಂದ ದೇಶಕ್ಕೆ ಹೆಚ್ಚು ಬದಲಾಗಲಿಲ್ಲ.

ಕನ್ನಡದ ಪ್ರೇಕ್ಷಕರಿಗೆ ಇದಕ್ಕೆ ಉದಾಹರಣೆ ಹೊರಗೆ ಹುಡುಕಬೇಕಿಲ್ಲ. 1971ರಲ್ಲಿ ತೆರೆಕಂಡ 'ಕಸ್ತೂರಿ ನಿವಾಸ'ದಲ್ಲಿ ಸಿರಿಯೆಲ್ಲ ಕರಗಿಹೋದ ನಾಯಕ, ಮನೆಗೆ ಬಂದವಳನ್ನು ಉಪವಾಸ ಕಳುಹಿಸಬಾರದೆಂದು, ತನ್ನ ಬಳಿ ಉಳಿದಿದ್ದ ಅಕ್ಕರೆಯ ಪಾರಿವಾಳವನ್ನೇ ಅವಳ ಊಟಕ್ಕಾಗಿ ತೆತ್ತಿರುತ್ತಾನೆ. ಊಟವಾದ ಮೇಲೆ ತಿಳಿಯುತ್ತದೆ, ಅವಳು ಬಂದದ್ದೇ ಆ ಪಾರಿವಾಳವನ್ನು ಬೇಡಲು. ಇಟಲಿಯ ಬೊಕ್ಯಾಚಿಯೋ 14ನೆಯ ಶತಮಾನದಲ್ಲಿ ಬರೆದ ಕಥೆಗಳಲ್ಲಿಯೂ ಇಂತಹುದೊಂದು ಗಿಡುಗದ ಕಥೆಯುಂಟು. ಬಡತನವನ್ನು ಕಂಡು ನಾವು ಅಳುವುದಿಲ್ಲ. ಬಡತನದೊಳಗಿನಿಂದ ಕೊಡುವ ಕೈಯನ್ನು ಕಂಡು ಅಳುತ್ತೇವೆ. ರಾಜಕುಮಾರರ ಮುಖವೂ ಹಿನ್ನೆಲೆಯ ಸಂಗೀತವೂ ಅದಕ್ಕೆ ನೆರವಾಗುತ್ತವೆ, ನಿಜ. ಆದರೆ ಸಂಗೀತವೊಂದರಿಂದಲೇ ಅಳಿಸುವುದಾಗಿದ್ದರೆ ನಿರ್ಮಾಪಕರಿಗೆ ಕಥೆಯ ಖರ್ಚು ಉಳಿಯುತ್ತಿತ್ತು.

ಇದೆಲ್ಲ ಸುಳ್ಳೆಂದು ಬಲ್ಲೆವಲ್ಲ! ತೆರೆಯ ಮೇಲೆ ಸತ್ತವನು ಮುಂದಿನ ವಾರ ಬೇರೊಂದು ಚಿತ್ರದಲ್ಲಿ ಕುಣಿಯುತ್ತಾನೆ. ಇಲ್ಲದ ವ್ಯಕ್ತಿಗಾಗಿ ಮರುಗುವುದು ತರ್ಕಕ್ಕೆ ಹೊಂದದೆಂದು ಕಾಲಿನ್ ರ್ಯಾಡ್‌ಫರ್ಡ್ ಎಂಬ ಆಂಗ್ಲ ತತ್ತ್ವಜ್ಞರು 1975ರಲ್ಲಿ ವಾದಿಸಿದರು. ಚರ್ಚೆ ಇನ್ನೂ ನಿಂತಿಲ್ಲ. ಸಾವಿರ ವರ್ಷಗಳ ಹಿಂದೆಯೇ ಕಾಶ್ಮೀರದ ಆಲಂಕಾರಿಕರಿಗೆ ಈ ಪ್ರಶ್ನೆ ಎದುರಾಗಿತ್ತು. ರಂಗದ ಮೇಲಿನ ಶೋಕ ನಟನದೂ ಅಲ್ಲ, ನಮ್ಮದೂ ಅಲ್ಲ. 'ನನ್ನದು', 'ಪರರದು' ಎಂಬ ಅಂಟು ಕಳಚಿ ಸಾಧಾರಣೀಕೃತವಾದ ಭಾವವದು ಎಂದು ಭಟ್ಟನಾಯಕ, ಅಭಿನವಗುಪ್ತರು ಉತ್ತರವಿತ್ತರು. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದವರಿಗೆ ಈ ವಿಚಾರ ಪರಿಚಿತ.

ಮಿದುಳಿನ ಪರೀಕ್ಷೆಗಳು ಈ ಮಾತಿಗೆ ಒಂದು ಬಗೆಯ ಟೀಕೆಯಂತಿವೆ. ಲಂಡನ್ನಿನಲ್ಲಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು 2004ರಲ್ಲಿ 16 ಜೋಡಿ ಪ್ರಣಯಿಗಳನ್ನು ಕರೆದು, ಹೆಣ್ಣಿನ ಮಿದುಳನ್ನು ಕಾಂತೀಯ ಯಂತ್ರದಿಂದ ನೋಡುತ್ತ, ಒಮ್ಮೆ ಅವಳ ಕೈಗೂ ಒಮ್ಮೆ ಅವಳ ಪ್ರಿಯನ ಕೈಗೂ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ನೋವು ಕೈಯ ಯಾವ ಜಾಗದಲ್ಲಿ, ಎಷ್ಟು ಎಂದು ಅಳೆಯುವ ಭಾಗಗಳು ತನ್ನ ನೋವಿಗೆ ಮಾತ್ರ ಎಚ್ಚತ್ತವು. ನೋವಿನ ಸಂಕಟವನ್ನು ಅನುಭವಿಸುವ ಭಾಗಗಳು ಪ್ರಿಯನಿಗೆ ಆಘಾತವಾಗುತ್ತಿದೆಯೆಂಬ ಸಂಕೇತ ಕಂಡಾಗಲೂ ಎಚ್ಚತ್ತವು. ಪೆಟ್ಟು ಬೇರೆ, ಸಂಕಟ ಬೇರೆ. ಎರಡನೆಯದು ನಮಗೆ ಬರಲು ಮೊದಲನೆಯದು ನಮಗೆ ಬೀಳಬೇಕಾಗಿಲ್ಲ.

ಇನ್ನು ಚಿತ್ರಮಂದಿರದ ವಿಶೇಷವೇನೆಂದರೆ ಅಲ್ಲಿ ನೂರಾರು ಜನರ ಗಮನ ಒಂದೇ ಕಡೆ ನಡೆಯುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಉರಿ ಹ್ಯಾಸನ್ ಮತ್ತು ಇತರರು ಐವರಿಗೆ ಬೇರೆ ಬೇರೆಯಾಗಿ 1966ರ ಒಂದು ಜನಪ್ರಿಯ ಚಿತ್ರದ ಅರ್ಧ ಗಂಟೆಯ ಭಾಗವನ್ನು ತೋರಿಸಿದಾಗ, ಅವರ ಮಿದುಳಿನ ಹಲವು ಪ್ರದೇಶಗಳ ಏರಿಳಿತಗಳು ಒಂದಕ್ಕೊಂದು ತಾಳ ಹಾಕಿದಂತೆ ಹೊಂದಿಕೊಂಡವು. ಮುಂದೆ 2008ರಲ್ಲಿ ಪ್ರಕಟವಾದ ವರದಿಯಂತೆ, ಹಿಚ್‌ಕಾಕನ ಒಂದು ಕಥೆಯನ್ನು ನೋಡುವಾಗ ಮಿದುಳಿನ ಹೊರಪದರದ ಸುಮಾರು 65 ಪ್ರತಿಶತ ಭಾಗ ಪ್ರೇಕ್ಷಕರಲ್ಲಿ ಸಮನಾಗಿ ನಡೆದರೆ, ಉದ್ಯಾನವೊಂದರಲ್ಲಿ ಕ್ಯಾಮರಾವನ್ನು ಸುಮ್ಮನೆ ನಿಲ್ಲಿಸಿ ತೆಗೆದ ಚಿತ್ರಕ್ಕೆ ಅದು 5 ಪ್ರತಿಶತಕ್ಕೂ ಏರಲಿಲ್ಲ. ನಿರ್ದೇಶಕನೂ ಸಂಕಲನಕಾರನೂ ನಮ್ಮ ಗಮನವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಅಳತೆ ಬೇಕೇ?

ಮನಶ್ಶಾಸ್ತ್ರಜ್ಞರಿಗಂತೂ ಚಲಚ್ಚಿತ್ರ ಪ್ರಯೋಗಶಾಲೆಯ ಉಪಕರಣವೇ ಆಗಿಬಿಟ್ಟಿದೆ. ಯಾವ ದೃಶ್ಯ ಯಾವ ಭಾವವನ್ನು ಶುದ್ಧವಾಗಿ ಹುಟ್ಟಿಸುತ್ತದೆಂದು ತಿಳಿಯಲು ಗ್ರಾಸ್ ಮತ್ತು ಲೆವೆನ್‌ಸನ್ ಎಂಬವರು 250ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ, ಆಯ್ದ ತುಣುಕುಗಳನ್ನು 494 ಜನರಿಗೆ ತೋರಿಸಿ, 1995ರಲ್ಲಿ ಪಟ್ಟಿ ಪ್ರಕಟಿಸಿದರು. ಶೋಕಕ್ಕೆ ಆಯ್ಕೆಯಾದ ಎರಡರಲ್ಲಿ ಒಂದು 1979ರ 'ದಿ ಚಾಂಪ್' ಚಿತ್ರದಿಂದ ತೆಗೆದದ್ದು. ಮುಷ್ಟಿಯುದ್ಧದಲ್ಲಿ ಪೆಟ್ಟು ತಿಂದು ತಂದೆ ಮೇಜಿನ ಮೇಲೆ ಸತ್ತುಬಿದ್ದಿದ್ದಾನೆ. ಎಳೆಯ ಮಗ ಏಳು ಏಳೆಂದು ಅಲುಗಿಸುತ್ತಾನೆ. ಮೂರು ನಿಮಿಷವೂ ಇಲ್ಲದ ಈ ತುಣುಕು ಆಮೇಲೆ ಅನೇಕ ದೇಶಗಳ ಪ್ರಯೋಗಗಳಲ್ಲಿ ಜನರನ್ನು ಅಳಿಸಿದೆ.

ಅತ್ತರೆ ಮನಸ್ಸು ಹಗುರಾಗುತ್ತದೆಂಬ ಮಾತು ನಿಜವೇ? ಗ್ರೀಕರ ಅರಿಸ್ಟಾಟಲನು ದುರಂತನಾಟಕಗಳಿಂದ ಭಾವಶುದ್ಧಿಯಾಗುತ್ತದೆಂದ ಕಾಲದಿಂದಲೂ ಇದನ್ನು ನಂಬಿ ಬಂದಿದ್ದೇವೆ. ಆದರೆ 1994ರಲ್ಲಿ 150 ಮಹಿಳೆಯರಿಗೆ ಶೋಕದ ಚಿತ್ರವನ್ನು ತೋರಿಸಿ ಪರೀಕ್ಷಿಸಿದಾಗ, ಅತ್ತ 33 ಮಂದಿಯ ದೇಹ ಅಳದವರಿಗಿಂತ ಹೆಚ್ಚು ಉದ್ರಿಕ್ತವಾಗಿತ್ತು, ಮನಸ್ಸಿಗೂ ದುಃಖವೇ ಹೆಚ್ಚು. ಹಾಗಾದರೆ ಹಿರಿಯರ ಮಾತು ಸುಳ್ಳೆನ್ನಬೇಕೇ? ಈ ತೊಡಕನ್ನು ಬಿಡಿಸಿದವರು ಹಾಲೆಂಡಿನ ವಿಂಗರ್‌ಹುಟ್ಸ್ ಮತ್ತು ಅವರ ಬಳಗದವರು. ಅವರು ಮಾಡಿದ ಹೊಸತೇನೆಂದರೆ ಕಾದು ನೋಡಿದ್ದು, ಅಷ್ಟೆ. ಯಜಮಾನ ಸತ್ತ ಮೇಲೂ ಟೋಕಿಯೋದ ರೈಲ್ವೆ ನಿಲ್ದಾಣದಲ್ಲಿ 1925ರಿಂದ 1935ರವರೆಗೆ ದಿನವೂ ಕಾದ ಹಚಿಕೊ ಎಂಬ ನಾಯಿಯ ಕಥೆಯನ್ನಾಧರಿಸಿದ ಚಿತ್ರವೊಂದು, ನಾಜಿಗಳ ಸೆರೆಶಿಬಿರದಲ್ಲಿ ಮಗನಿಗೆ ಭಯ ತಟ್ಟದಂತೆ ಎಲ್ಲವೂ ಆಟವೆಂದು ನಂಬಿಸುವ ತಂದೆಯ ಕಥೆಯಾದ 1997ರ ಇಟಾಲಿಯನ್ ಚಿತ್ರವೊಂದು, ಈ ಎರಡನ್ನು 60 ಜನರಿಗೆ ತೋರಿಸಿದರು. 28 ಮಂದಿ ಅತ್ತರು. ಚಿತ್ರ ಮುಗಿದೊಡನೆ ಅತ್ತವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು, ಅಳದವರಲ್ಲಿ ಬದಲಾವಣೆಯಿಲ್ಲ. 20 ನಿಮಿಷಗಳ ಬಳಿಕ ಅತ್ತವರು ಮೊದಲಿನ ಸ್ಥಿತಿಗೆ ಮರಳಿದರು. 90 ನಿಮಿಷಗಳ ಬಳಿಕ ಚಿತ್ರ ನೋಡುವುದಕ್ಕೆ ಮುಂಚೆ ಇದ್ದುದಕ್ಕಿಂತಲೂ ಅವರ ಮನಸ್ಸು ಮೇಲಾಗಿತ್ತು. 2015ರಲ್ಲಿ ಈ ಫಲಿತಾಂಶ ಹೊರಬಂದಿತು. ನಿಜಜೀವನದ ಅಳುವನ್ನು ಕುರಿತು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ವಿಚಾರಿಸಿದಾಗ ಸುಮಾರು ಅರ್ಧದಷ್ಟು ಜನ ಅತ್ತಮೇಲೆ ಹಗುರಾಯಿತೆಂದರು. ಹತ್ತರಲ್ಲೊಬ್ಬರಂತೆ ಇನ್ನೂ ಕೆಡುಕಾಯಿತೆಂದವರೂ ಇದ್ದರು. ಹತ್ತಿರವಿದ್ದವರು ಸಂತೈಸಿದರೋ, ನಕ್ಕರೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಚಿತ್ರಮಂದಿರದ ಕತ್ತಲೆಗೆ ಇಲ್ಲಿ ಒಂದು ಉಪಕಾರವುಂಟು. ನಗುವವರ ಕಣ್ಣಿಗೆ ನಾವು ಬೀಳುವುದಿಲ್ಲ.

ಒಂದೇ ದೃಶ್ಯಕ್ಕೆ ಒಬ್ಬನು ಅತ್ತು ಇನ್ನೊಬ್ಬನು ಆಕಳಿಸುವುದೇಕೆ? ಸ್ತ್ರೀಯರು ತಿಂಗಳಿಗೆ ಸರಾಸರಿ ಐದು ಬಾರಿ, ಪುರುಷರು ಒಂದಕ್ಕೆ ಸ್ವಲ್ಪ ಮೇಲೆ ಅಳುತ್ತಾರೆಂದು ಫ್ರೇ ಅವರು ಅಮೆರಿಕೆಯಲ್ಲಿ ಎಣಿಸಿದ್ದರು. ಆದರೆ ಚಿಕ್ಕ ಹುಡುಗರೂ ಹುಡುಗಿಯರೂ ಅಳುವುದು ಬಹುಮಟ್ಟಿಗೆ ಒಂದೇ ಸಮ. ಭೇದ ಕಾಣುವುದು ಪ್ರಾಯಕ್ಕೆ ಬರುವಾಗ. ಅದರಲ್ಲಿ ದೇಹದ ಪಾಲೆಷ್ಟು, 'ಗಂಡಸಾಗಿ ಅಳುತ್ತೀಯಾ' ಎಂಬ ಬೈಗುಳದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಇದಕ್ಕಿಂತ ಬಲವಾದ ಕಾರಣ ನೆನಪು. '777 ಚಾರ್ಲಿ' ಎಂಬ ಕನ್ನಡ ಚಿತ್ರ 2022ರ ಜೂನ್ ತಿಂಗಳಲ್ಲಿ ತೆರೆಕಂಡಾಗ, ಅದನ್ನು ನೋಡಿದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಪತ್ರಕರ್ತರೆದುರಿಗೇ ಕಣ್ಣೀರಿಟ್ಟರು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ತೀರಿಕೊಂಡಿತ್ತು. ತೆರೆಯ ಮೇಲಿನ ನಾಯಿ ಎಲ್ಲರಿಗೂ ಒಂದೇ. ಅದು ಹೋಗಿ ತಟ್ಟುವ ಬಾಗಿಲು ಅವರವರದು.

ಇಷ್ಟಾದರೂ ಕಣ್ಣೀರಿನ ಪ್ರಯೋಜನವೇನೆಂಬ ಮೂಲಪ್ರಶ್ನೆ ಉಳಿಯುತ್ತದೆ. ಡಾರ್ವಿನ್ನನು ಅದನ್ನು ಪ್ರಯೋಜನವಿಲ್ಲದ ಆನುಷಂಗಿಕ ಫಲವೆಂದು ಎಣಿಸಿದನು. ಈಗಿನವರು ಅದನ್ನು ಸಂಕೇತವೆನ್ನುತ್ತಾರೆ. ಅಮೆರಿಕೆಯ ರಾಬರ್ಟ್ ಪ್ರೊವೈನ್ 2009ರಲ್ಲಿ ಅಳುವ ಮುಖಗಳ ಭಾವಚಿತ್ರಗಳಿಂದ ಕಣ್ಣೀರನ್ನು ಮಾತ್ರ ಅಳಿಸಿ ತೋರಿಸಿದಾಗ, ನೋಡಿದವರಿಗೆ ಆ ಮುಖಗಳಲ್ಲಿ ದುಃಖ ಕಡಮೆಯಾಗಿ ಕಂಡಿತು. ಅದು ದುಃಖವೋ, ವಿಸ್ಮಯವೋ, ಚಿಂತೆಯೋ ಎಂಬ ಸಂದೇಹವೂ ಬಂದಿತು. ಕೂಗು ದೂರದವರನ್ನು ಕರೆಯುತ್ತದೆ, ಹಗೆಯನ್ನೂ ಕರೆಯಬಹುದು. ಕಣ್ಣೀರು ಹತ್ತಿರವಿದ್ದವರಿಗೆ ಮಾತ್ರ ಕಾಣುತ್ತದೆ.

ಹತ್ತಿರ ಕುಳಿತವರಲ್ಲಿ ಚಿತ್ರವೂ ಏನನ್ನಾದರೂ ಬೆಸೆಯುತ್ತದೆಯೇ ಎಂಬುದನ್ನು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2016ರಲ್ಲಿ ನೋಡಿದರು. ಅವರ ವಿಧಾನ ವಿನೋದವಾಗಿದೆ. ಗೋಡೆಗೆ ಬೆನ್ನು ಹಚ್ಚಿ, ಕುರ್ಚಿಯಿಲ್ಲದೆಯೇ ಕುಳಿತಂತೆ ಮೊಣಕಾಲು ಮಡಿಸಿ, ತೊಡೆಯ ನೋವನ್ನು ಎಷ್ಟು ಹೊತ್ತು ತಾಳಬಲ್ಲರೆಂದು ಅಳೆಯುವುದು. ಮನೆಮಠವಿಲ್ಲದ ಒಬ್ಬ ನೊಂದ ಮನುಷ್ಯನ ದುರಂತಕಥೆಯ ಚಿತ್ರವನ್ನು ಗುಂಪಾಗಿ ನೋಡಿದವರು, ಅದನ್ನು ನೋಡಿದ ಮೇಲೆ ಹೆಚ್ಚು ಹೊತ್ತು ತಾಳಿದರು. ಸಪ್ಪೆಯಾದ ಸಾಕ್ಷ್ಯಚಿತ್ರ ನೋಡಿದವರಲ್ಲಿ ಹಾಗಾಗಲಿಲ್ಲ. ಮಿದುಳಿನಲ್ಲಿ ನೋವಡಗಿಸುವ ಎಂಡಾರ್ಫಿನ್ ಎಂಬ ವಸ್ತು ಒಸರಿತೆಂದು ಅವರ ಅನುಮಾನ. ಯಾರ ತಾಳ್ಮೆ ಹೆಚ್ಚಿತೋ ಅವರಲ್ಲಿಯೇ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರ ಮೇಲಿನ ಬಾಂಧವ್ಯಭಾವವೂ ಹೆಚ್ಚಿತ್ತು.

ವಿಲಿಯಂ ಜೇಮ್ಸನು 1890ರ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಒಬ್ಬ ರಷ್ಯದ ಶ್ರೀಮಂತ ಮಹಿಳೆಯನ್ನು ಪ್ರಸ್ತಾಪಿಸುತ್ತಾನೆ. ನಾಟಕಶಾಲೆಯೊಳಗೆ ಕಲ್ಪಿತ ಪಾತ್ರಗಳಿಗಾಗಿ ಅವಳು ಕಣ್ಣೀರು ಸುರಿಸುತ್ತಿರುವಾಗ, ಹೊರಗೆ ಅವಳ ಗಾಡಿಯವನು ಹಿಮದಲ್ಲಿ ಕುಳಿತಲ್ಲಿಯೇ ಮರಗಟ್ಟಿ ಸಾಯುತ್ತಿದ್ದಾನೆ. ಕಥೆಗೆ ಸುರಿಸಿದ ಕಣ್ಣೀರು ಬದುಕಿನ ಕೆಲಸಕ್ಕೆ ಒದಗದೆಂದು ಅವನ ಆಕ್ಷೇಪ. ಡನ್‌ಬಾರರ ಅಳತೆಯನ್ನು ಮುಂದಿಟ್ಟುಕೊಂಡು ಈ ಪ್ರಸಂಗವನ್ನು ಓದಿದರೆ ಒಂದು ಸಂಗತಿ ಕಾಣುತ್ತದೆ. ಆ ಮಹಿಳೆಗೆ ಅಕ್ಕಪಕ್ಕದ ಆಸನಗಳವರೊಡನೆ ಬಾಂಧವ್ಯ ಬೆಳೆದಿದ್ದರೂ ಬೆಳೆದಿರಬಹುದು. ಗಾಡಿಯವನಿಗೆ ಒಳಗೆ ಆಸನವಿರಲಿಲ್ಲ.